ಕೆಂಪು ಗುರುತಿನ ಸ್ಪೀಡ್

ಮಮೆಲೋಡಿ ಊರಿನಲ್ಲಿ ಒಬ್ಬ ಡಿಜೆಯ ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲ್ಲಿಗೆ ಕೈ ಹಾಕುವುದೂ ಒಂದೇ, ಊಟಕ್ಕೆ ಕೂತವನ ತಟ್ಟೆಗೆ ಕೈ ಹಾಕುವುದೂ ಒಂದೇ. ಅದು ಮೊರೊಂಗ್ವಾಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದೇ ಹಾಕಿದಳು.

ಭಾನುವಾರ ಮಧ್ಯಾಹ್ನ. ಅಂಗಳದ ಮೊರೂಲಾ ಮರದ ಕೆಳಗೆ ಮೊರೂಲಾ ಸೋಷಿಯಲ್ ಕ್ಲಬ್ಬಿನವರು ಎಂದಿನಂತೆ ಸೇರಿದ್ದರು. ಎಲ್ಲರಿಗೂ ಒಂದೇ ನೀಲಿ ಜಾಕೆಟ್ಟು, ಗಂಡಸರಿಗೆ ಎರಡು ಬಣ್ಣದ ಶೂ, ಹೆಂಗಸರಿಗೆ ಬಿಳಿ ಟೋಪಿ. ಬಹುಪಾಲು ಜನ ಐವತ್ತು ದಾಟಿದವರು. ಬೆಳಗ್ಗೆ ಚರ್ಚಿಗೆ ಹೋಗಿ ಪಾಪ ತೊಳೆದುಕೊಂಡು, ತಟ್ಟೆ ತುಂಬ ಬಗೆಬಗೆ ಪಲ್ಯದ ‘ಏಳು ಬಣ್ಣದ ಊಟ’ ಮುಗಿಸಿ, ಸಂಜೆಯವರೆಗೆ ಹೌಸ್ ಮ್ಯೂಸಿಕ್ಕಿಗೆ ಕುಣಿಯುವ ಜನ.

ಮೊರೊಂಗ್ವಾ ಅಂದು ಅಚ್ಚಿಗೆ ಮೊದಲು ಬಂದ ಒಂದು ಸ್ಯಾಂಪಲ್ ರೆಕಾರ್ಡ್ ತಂದಿದ್ದಳು. ಅವಳದ್ದೊಂದು ಪುಟ್ಟ ರೆಕಾರ್ಡ್ ಕಂಪನಿ. ಪ್ರತಿ ಸಲವೂ ಎರಡು ರೆಕಾರ್ಡ್ ಜೋಡಿಯಾಗಿ ಬಿಡುಗಡೆ ಮಾಡುತ್ತಾಳೆ: ಜನ ಮರೆತ ಹಳೆಯದೊಂದು, ಜನ ಇನ್ನೂ ಕೇಳದ ಹೊಸದೊಂದು. ಬರ್ಲಿನ್‌ನಲ್ಲಿ, ಡೆಟ್ರಾಯಿಟ್‌ನಲ್ಲಿ, ಟೋಕಿಯೊದಲ್ಲಿ ಅದಕ್ಕೆ ಕಾದು ಕೂರುವವರಿದ್ದಾರೆ. ಈ ಸಲದ ಹಳೆಯ ರೆಕಾರ್ಡು ‘ಲಾಮೊರೆನಾ’, ಅಂದರೆ ಭಾನುವಾರ. ಇದೇ ಊರಿನ ಮಸಿಲೊ ಎಂಬವರು ಹರೆಯದಲ್ಲಿ ಮಾಡಿದ್ದು. ಆಗ ಅಚ್ಚಾದ ಕೆಲವೇ ಪ್ರತಿಗಳು ಕಳೆದುಹೋಗಿದ್ದವು. ಮೊರೊಂಗ್ವಾ ಮೂಲ ಟೇಪ್ ಹುಡುಕಿ, ತಿಂಗಳುಗಟ್ಟಲೆ ಕೂತು ಒಂದೊಂದೇ ಕರಕರ ಸದ್ದು ತೆಗೆದು, ಮಸಿಲೊ ಮಾಡಿದ ಹಾಗೇ ಉಳಿಸಿದ್ದಳು.

ರೆಕಾರ್ಡನ್ನು ಡಿಜೆ ಲೆಸಿಬಾನ ಕೈಗೆ ಕೊಟ್ಟಳು. ಉದ್ದ ಮನುಷ್ಯ, ಗಡ್ಡದಲ್ಲಿ ಒಂದೆರಡು ಬೆಳ್ಳಿ ಕೂದಲು, ಕಣ್ಣಿನಲ್ಲಿ ಯಾವಾಗಲೂ ಅರ್ಧ ನಗು. ಅವನು ಅದರ ಹೆಸರನ್ನು ಎರಡು ಸಲ ಓದಿ ಟರ್ನ್‌ಟೇಬಲ್ಲಿನ ಮೇಲಿಟ್ಟ. ಆಮೇಲೆ ಸ್ಪೀಡಿನ ಸ್ಲೈಡರನ್ನು ಆಚೆಗೆ, ನಿಧಾನದ ತುದಿಯತ್ತ ತಳ್ಳಿದ. ಅಲ್ಲೊಂದು ಕೆಂಪು ಚುಕ್ಕೆ ಇತ್ತು. ಸರಿಯಾಗಿ ಅದರ ಮೇಲೆ ನಿಲ್ಲಿಸಿದ.

ಹಾಡು ನಿಧಾನವಾಗಿ, ದಪ್ಪವಾಗಿ, ಬಿಸಿಲಿನಲ್ಲಿ ಮೈ ಮುರಿಯುತ್ತ ಎದ್ದಿತು. ಅಂಗಳದ ತುಂಬ ‘ಆಹ್’ ಎಂದರು. ಕುರ್ಚಿಗಳು ಹಿಂದೆ ಸರಿದವು. ಎಲ್ಲರೂ ಒಂದೇ ಸಾಲಿನಲ್ಲಿ ನಿಂತು, ಮೂರು ಹೆಜ್ಜೆ ಹಾಕಿ ಒಮ್ಮೆ ತಿರುಗುವ ತಮ್ಮ ಕುಣಿತ ಶುರುಮಾಡಿದರು.

ಮೊರೊಂಗ್ವಾಳ ಕಿವಿ ಬಿಸಿಯಾಯಿತು. ತಿಂಗಳುಗಟ್ಟಲೆ ಮಾಡಿದ ಕೆಲಸ! ಅವಳು ನೇರ ಹೋಗಿ ಸ್ಲೈಡರನ್ನು ನಡುವಿಗೆ ಎಳೆದಳು. ಸರಿಯಾದ ಸ್ಪೀಡಿನ ಹಸಿರು ದೀಪ ಹತ್ತಿತು. ಹಾಡು ಧಡಕ್ಕನೆ ಮೇಲೆ ಜಿಗಿಯಿತು. ಆದರೆ ಕಾಲುಗಳು ಜಿಗಿಯಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಗಿ, ಮೂರನೆಯ ಹೆಜ್ಜೆಗೆ ಸಾಲು ಮುರಿದು, ಒಬ್ಬರ ಟೋಪಿ ಇನ್ನೊಬ್ಬರ ಕಾಲಡಿಗೆ ಬಿತ್ತು.

ಎಲ್ಲರೂ ಟರ್ನ್‌ಟೇಬಲ್ ಇದ್ದ ಡೆಕ್ಕಿನತ್ತ ತಿರುಗಿದರು. ಲೆಸಿಬಾ ಸಿಟ್ಟಾಗಲಿಲ್ಲ. ಸ್ಲೈಡರಿನ ಮೇಲೆ ಇನ್ನೂ ಇದ್ದ ಅವಳ ಕೈಯನ್ನು ನೋಡಿದ. ಆಮೇಲೆ ಮುಖ ನೋಡಿದ. ಮತ್ತೆ ಕೈ ನೋಡಿದ.

“ನಿಮ್ಮದಾ ಈ ಕೈ?”

“ಹೌದು.”

“ಚೆನ್ನಾಗಿದೆ. ತೆಗೀರಿ.”

“ಸ್ಪೀಡ್ ತಪ್ಪಿತ್ತು,” ಅಂದಳು ಮೊರೊಂಗ್ವಾ, ಕೈ ತೆಗೆಯದೆ.

“ಸ್ಪೀಡಿನ ವಿಷಯ ನನಗೆ ಹೇಳ್ಕೊಡ್ಬೇಡಿ, ಮ್ಮಾ. ನಾನು ಡ್ರೈವಿಂಗ್ ಸ್ಕೂಲ್ ಮೇಷ್ಟ್ರು.”

ಸುತ್ತ ನಗು ಹಾರಿತು. ಮೊರೊಂಗ್ವಾಗೂ ನಗು ಬಂತು, ಆದರೆ ಅವನಿಗೆ ಕಾಣದಂತೆ ಮುಖ ಆಚೆ ತಿರುಗಿಸಿದಳು. ಅವನಿಗೆ ಕಂಡೇ ಕಂಡಿತು.

ಕ್ಲಬ್ಬಿನ ಯಜಮಾನಿ ಸೋಫಿ, ಮೊರೊಂಗ್ವಾಳ ರಕ್ಗಾಡಿ, ಅಂದರೆ ಸೋದರತ್ತೆ. ಕಾರಿನ ಕಾರ್ಖಾನೆಯಲ್ಲಿ ಬೋಲ್ಟ್ ಬಿಗಿದು ನಿವೃತ್ತಳಾದವಳು, ಮಾತೂ ಹಾಗೇ ಬಿಗಿ. ಕುರ್ಚಿಯಿಂದ ಏಳದೆ ತೀರ್ಪು ಕೊಟ್ಟಳು.

“ಅಣ್ಣನ ಮಗಳು ಅಂತ ಬಿಟ್ರೆ ನಾಳೆ ನನ್ನ ಜಾಕೆಟ್ ಬಿಚ್ಚಿಸ್ತಾರೆ. ಇನ್ನೊಬ್ಬರ ಡೆಕ್ ಮುಟ್ಟಿದವರು ಒಂದು ತಿಂಗಳು ಆ ಡಿಜೆಯ ರೆಕಾರ್ಡ್ ಪೆಟ್ಟಿಗೆ ಹೊರ್ಬೇಕು. ಕ್ಲಬ್ ಹುಟ್ಟಿದಾಗಿಂದ ಇದೇ ದಂಡ. ಪ್ರತಿ ಭಾನುವಾರ ಅವನ ಮನೆಯಿಂದ ಇಲ್ಲಿಗೆ, ಇಲ್ಲಿಂದ ಅವನ ಮನೆಗೆ.”

“ರಕ್ಗಾಡಿ, ಸ್ಪೀಡ್ ನಿಜವಾಗ್ಲೂ ತಪ್ಪು.”

“ಇರ್ಬಹುದು. ಪೆಟ್ಟಿಗೆ ತೂಕ ಸರಿಯಾಗಿದೆ.”

*

ಮುಂದಿನ ಭಾನುವಾರ ಮೊರೊಂಗ್ವಾ ಲೆಸಿಬಾನ ಮನೆಗೆ ಹೋದಾಗ ಡ್ರೈವಿಂಗ್ ಸ್ಕೂಲಿನ ಕಾರು ಬಾಗಿಲಲ್ಲೇ ನಿಂತಿತ್ತು. ಮಾಡಿನ ಮೇಲೆ ದೊಡ್ಡ ‘L’ ಹಲಗೆ, ಒಳಗೆ ಎರಡೂ ಕಡೆ ಬ್ರೇಕು. ಪೆಟ್ಟಿಗೆಗಳನ್ನು ಡಿಕ್ಕಿಗೆ ಏರಿಸಿದ ಮೊರೊಂಗ್ವಾ ಪಕ್ಕದ ಸೀಟಿನ ಬಾಗಿಲು ತೆಗೆದರೆ ಅಲ್ಲಿ ಅವನೇ ಕೂತಿದ್ದ.

“ಆ ಕಡೆ ಹೋಗಿ. ನೀವು ಓಡಿಸಿ.”

“ದಂಡ ಪೆಟ್ಟಿಗೆ ಹೊರೋದು ಮಾತ್ರ.”

“ನಿಮಗೆ ಲೈಸೆನ್ಸ್ ಇಲ್ವಂತೆ. ನಿಮ್ಮ ರಕ್ಗಾಡಿ ಹೇಳಿದ್ರು. ಜಗತ್ತಿಗೆಲ್ಲ ಸ್ಪೀಡ್ ಕಲಿಸೋರು ನಡ್ಕೊಂಡು ಓಡಾಡೋದು ನೋಡೋಕಾಗಲ್ಲ.”

ಮೊರೊಂಗ್ವಾ ಹೆದರುವ ಜಾತಿಯಲ್ಲ. ಹೋಗಿ ಸ್ಟಿಯರಿಂಗ್ ಹಿಡಿದಳು. ಕಾರು ಎರಡು ಸಲ ಕೆಮ್ಮಿ ಹೊರಟಿತು. ಅವನು ಕಿಟಕಿಯಾಚೆ ನೋಡುತ್ತ ಕೂತಿದ್ದ, ಆದರೆ ಕಾಲು ಮಾತ್ರ ತನ್ನ ಕಡೆಯ ಬ್ರೇಕಿನ ಮೇಲೆ ಸಿದ್ಧವಾಗಿತ್ತು. ಅವಳು ರಸ್ತೆಗಿಂತ ಹೆಚ್ಚು ಸಲ ಆ ಕಾಲನ್ನೇ ನೋಡಿದಳು.

“ರಸ್ತೆ ಮುಂದಿದೆ,” ಅಂದ ಅವನು.

“ನಿಮ್ಮ ಕಾಲು ನನ್ನ ನಂಬ್ತಾ ಇಲ್ಲ.”

“ಕಾಲಿಗೆ ಅಭ್ಯಾಸ. ನಾನು ನಂಬ್ತೀನಿ.”

ಆ ‘ನಾನು’ವನ್ನು ಅವನು ಹೇಳಿದ ರೀತಿಗೆ ಮೊರೊಂಗ್ವಾ ಒಂದು ಗೇರ್ ಹೆಚ್ಚೇ ಬದಲಿಸಿಬಿಟ್ಟಳು.

ಆ ದಿನ ಅವಳು ತನ್ನ ಹೊಸ ಬಿಡುಗಡೆಗಳನ್ನೂ ತಂದಿದ್ದಳು. ಮೊರೂಲಾ ಮರದ ಕೆಳಗೆ ಅವಕ್ಕೆ ಮಂಡಿ ಪರೀಕ್ಷೆ. ಮಂಡಿನೋವಿನ ಹೆಂಗಸರು ಕುರ್ಚಿ ಬಿಟ್ಟು ಎದ್ದರೆ ರೆಕಾರ್ಡ್ ಪಾಸು, ಏಳದಿದ್ದರೆ ಫೇಲು. ಡರ್ಬನ್ ಹುಡುಗಿಯೊಬ್ಬಳ ಹೌಸ್ ರೆಕಾರ್ಡಿಗೆ ಅರ್ಧ ಸಾಲು ಎದ್ದಿತು. ಡೆಟ್ರಾಯಿಟ್ಟಿನಿಂದ ಬಂದ, ಯಂತ್ರದಂತೆ ಬಡಿಯುವ ಟೆಕ್ನೊ ಹಾಕಿದಾಗ ಒಬ್ಬರೂ ಅಲ್ಲಾಡಲಿಲ್ಲ. ಸೋಫಿ ಕಿವಿಗೊಟ್ಟು ಕೇಳಿ, “ಈ ಸದ್ದಿಗೆ ನಾನು ಅರ್ಧ ಆಯಸ್ಸು ಬೋಲ್ಟ್ ಬಿಗ್ದಿದೀನಿ. ಭಾನುವಾರನೂ ಶಿಫ್ಟ್ ಹಾಕ್ತೀಯಾ?” ಅಂದಳು.

“ಇದನ್ನ ಮಾಡಿದೋರೂ ಕಾರ್ ಕಾರ್ಖಾನೆ ಊರಿನವರೇ, ರಕ್ಗಾಡಿ,” ಅಂದಳು ಮೊರೊಂಗ್ವಾ.

“ಹಾಗಾ? ಪಾಪ.” ಸೋಫಿ ಮತ್ತೆ ಕಿವಿಗೊಟ್ಟಳು. ಆಮೇಲೆ ಅವಳ ಬಲಗಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ತಾಳ ಹಾಕತೊಡಗಿತು. ಲೆಸಿಬಾ ಡೆಕ್ಕಿನ ಹಿಂದಿನಿಂದ ಮೊರೊಂಗ್ವಾಗೆ ಕಣ್ಣಲ್ಲೇ ಆ ಹೆಬ್ಬೆರಳನ್ನು ತೋರಿಸಿದ. ಇಬ್ಬರೂ ಒಟ್ಟಿಗೆ ನಕ್ಕರು. ಯಾರೊಂದಿಗಾದರೂ ಹಾಗೆ ಸದ್ದಿಲ್ಲದೆ ನಕ್ಕು ಅವಳಿಗೆ ಬಹಳ ಕಾಲವಾಗಿತ್ತು.

ಮನೆಗೆ ಮರಳುವಾಗ ಅವಳು ಕೇಳಿದಳು, ತೀರಾ ಸಹಜ ಎಂಬಂತೆ:

“ಆ ಕೆಂಪು ಚುಕ್ಕೆ ನೇಲ್ ಪಾಲಿಶ್ ಅಲ್ವಾ?”

“ಹೌದು.”

“ನೀವು ಹಚ್ಕೊಳ್ಳೋ ಹಾಗೆ ಕಾಣಲ್ಲ.”

“ಇಲ್ಲ. ಒಬ್ಬಳದ್ದು.”

“ಓ.”

“ಬಹಳ ಚೆಂದದವಳು,” ಅಂದ ಲೆಸಿಬಾ, ಕಿಟಕಿಯಾಚೆ ನೋಡುತ್ತ. “ಅಡಿಗೆ ಚೆನ್ನಾಗಿ ಮಾಡ್ತಾಳೆ. ನನ್ನ ಮೇಲೆ ಪ್ರಾಣ.”

ಮೊರೊಂಗ್ವಾ ತಿರುವಿನಲ್ಲಿ ಬೇಕಾದ್ದಕ್ಕಿಂತ ಜೋರಾಗಿ ಸ್ಟಿಯರಿಂಗ್ ತಿರುಗಿಸಿದಳು. ಡಿಕ್ಕಿಯಲ್ಲಿ ಪೆಟ್ಟಿಗೆಗಳು ಒಂದಕ್ಕೊಂದು ಗುದ್ದಿದವು.

“ನಮ್ಮಮ್ಮ,” ಅಂದ ಅವನು. “ಬ್ರೇಕ್ ಹಾಕು, ಮೊರೊಂಗ್ವಾ. ಅಲ್ಲೊಂದು ಮೇಕೆ ಇದೆ.”

ಅವನು ಮೊದಲ ಸಲ ‘ಹಾಕಿ’ ಎನ್ನದೆ ‘ಹಾಕು’ ಅಂದಿದ್ದ, ‘ನೀನು’ ಎನ್ನುವ ಸಲಿಗೆಯಲ್ಲಿ. ಮೇಕೆ ನಿಧಾನವಾಗಿ ರಸ್ತೆ ದಾಟಿತು. ಅದು ಆಚೆ ಸೇರಿ ಬಹಳ ಹೊತ್ತಾದರೂ ಅವಳು ಬ್ರೇಕಿನಿಂದ ಕಾಲು ತೆಗೆದಿರಲಿಲ್ಲ. ಅವನೂ ತೆಗೆ ಅನ್ನಲಿಲ್ಲ.

*

ಚುಕ್ಕೆಯ ಕತೆಯನ್ನು ಅವನು ಹೇಳಿದ್ದು ಮತ್ತೊಂದು ಭಾನುವಾರ, ಅವನ ಮನೆಯ ಮೆಟ್ಟಿಲ ಮೇಲೆ. ಅವನ ತಾಯಿ ಬಿಸಿ ಮಗ್ವಿನ್ಯಾ, ಅಂದರೆ ಹಿಟ್ಟಿನ ಉಂಡೆ, ಕರಿದು ತಟ್ಟೆಯಲ್ಲಿಟ್ಟು, ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು. ಅವಳ ಉಗುರುಗಳು ಕೆಂಪಗಿದ್ದವು.

“ನನ್ನಣ್ಣ ಫೆಟೊಲೆ,” ಅಂದ ಲೆಸಿಬಾ. “ಅವನ ಹತ್ರ ಒಂದು ಹಳೇ ಟರ್ನ್‌ಟೇಬಲ್ ಇತ್ತು. ಅದನ್ನ ತಿರುಗಿಸೋ ಬೆಲ್ಟ್ ಹಿಗ್ಗಿ ನಿಧಾನ ಆಗಿತ್ತು, ಹೊಸದು ಎಲ್ಲೂ ಸಿಗ್ತಿರಲಿಲ್ಲ. ಅದರಲ್ಲೇ ‘ಲಾಮೊರೆನಾ’ ಹಾಕಿ ಕ್ಯಾಸೆಟ್‌ಗೆ ತುಂಬಿದ. ಆ ಕ್ಯಾಸೆಟ್ ಒಂದು ಟ್ಯಾಕ್ಸಿಗೆ ಹೋಯ್ತು, ಒಂದರಿಂದ ಇನ್ನೊಂದಕ್ಕೆ ಹೋಯ್ತು. ಆ ವರ್ಷ ಮಮೆಲೋಡಿಲಿ ಹತ್ತಿದ ಟ್ಯಾಕ್ಸಿಲೆಲ್ಲ ಅದೇ. ನಿಧಾನವಾಗಿದೆ ಅಂತ ಯಾರಿಗೂ ಗೊತ್ತೇ ಇರಲಿಲ್ಲ. ಹಾಡೇ ಹಾಗೆ ಅಂದ್ಕೊಂಡ್ರು. ಆ ಮೂರು ಹೆಜ್ಜೆ ಕುಣಿತ ಹುಟ್ಟಿದ್ದೇ ಆ ಕ್ಯಾಸೆಟ್ಟಿಂದ.”

“ಆಮೇಲೆ?”

“ಫೆಟೊಲೆ ಹೋದ. ಶ್ವಾಸಕೋಶದ ಕಾಯಿಲೆ. ನಾನು ಸಂಬಳ ಕೂಡಿಟ್ಟು ಒಳ್ಳೆ ಟರ್ನ್‌ಟೇಬಲ್ ತಂದು, ಅವನದೇ ರೆಕಾರ್ಡ್ ಹಾಕ್ದೆ. ಎಲ್ಲರೂ ‘ಇದು ನಮ್ಮ ಹಾಡಲ್ಲ’ ಅಂದ್ರು. ಆಗ ಒಂದು ಕಡೆ ಅವನ ಕ್ಯಾಸೆಟ್ಟು, ಒಂದು ಕಡೆ ರೆಕಾರ್ಡು ಇಟ್ಕೊಂಡು ಸ್ಲೈಡರ್ ತಳ್ತಾ ತಳ್ತಾ ಹೋದೆ. ಎರಡೂ ಒಂದಾದ ಜಾಗದಲ್ಲಿ ಅಮ್ಮ ನೇಲ್ ಪಾಲಿಶ್ ಇಟ್ಟಳು. ಆಮೇಲೆ ರೆಕಾರ್ಡೂ ಸವೆದು ಸತ್ತೋಯ್ತು, ಕ್ಯಾಸೆಟ್ಟೂ ಸತ್ತೋಯ್ತು. ಚುಕ್ಕೆ ಮಾತ್ರ ಇತ್ತು. ಆಮೇಲೆ ನೀನು ಬಂದೆ.”

ಮೊರೊಂಗ್ವಾ ಕೈಯಲ್ಲಿದ್ದ ಮಗ್ವಿನ್ಯಾವನ್ನು ತಟ್ಟೆಗೆ ಮರಳಿ ಇಟ್ಟಳು. ಅಂದು ತಾನು ನಡುವಿಗೆಳೆದದ್ದು ಏನನ್ನು ಎಂದು ಈಗ ತಿಳಿಯಿತು. ಅವನ ಕೈ ಮೆಟ್ಟಿಲ ಮೇಲೆ, ಅವಳ ಕೈಯ ಪಕ್ಕದಲ್ಲೇ ಇತ್ತು. ಕಿರುಬೆರಳು ಕಿರುಬೆರಳಿಗೆ ತಾಗಿತು. ಇಬ್ಬರೂ ತೆಗೆಯಲಿಲ್ಲ.

“ಒಂದು ಮಾತು ಕೇಳ್ಲಾ?” ಅಂದ ಲೆಸಿಬಾ. “ನಿನ್ನ ರೆಕಾರ್ಡಿನ ಇನ್ನೊಂದು ಬದಿ ಖಾಲಿ ಇದೆ. ಅದರಲ್ಲಿ ಫೆಟೊಲೆಯ ಸ್ಪೀಡ್ ಹಾಕು.”

ಅವಳು ಇದನ್ನು ನಿರೀಕ್ಷಿಸಿರಲಿಲ್ಲ. ನಿರೀಕ್ಷಿಸಬೇಕಿತ್ತು.

“ಆಗಲ್ಲ, ಲೆಸಿಬಾ. ನ್ತಾತೆ ಮಸಿಲೊಗೆ, ಅಂಥ ಹಿರಿಯರಿಗೆ, ಮಾತು ಕೊಟ್ಟಿದೀನಿ. ಕೂದಲೆಳೆಯಷ್ಟೂ ಬದಲಿಸಲ್ಲ ಅಂತ ಕೈ ಮೇಲೆ ಕೈ ಇಟ್ಟು ಹೇಳಿದೀನಿ. ಆ ಕ್ಯಾಸೆಟ್ಟಿಂದಲೇ ಅವರು ಈ ಊರು ಬಿಟ್ಟಿದ್ದು. ‘ನನ್ನ ಹಾಡಿಗೆ ನಿದ್ದೆ ಔಷಧಿ ಕುಡಿಸಿದ್ರು’ ಅಂತ ಇವತ್ತಿಗೂ ಹೇಳ್ತಾರೆ. ಬೇರೆ ಎಷ್ಟೋ ಕಂಪನಿ ಬಂದ್ರೂ ಟೇಪ್ ಕೊಡ್ದೇ ಇದ್ದೋರು ನನಗೆ ಕೊಟ್ಟಿದ್ದು ಆ ಒಂದು ಮಾತಿಗೆ. ಈ ತಿಂಗಳ ಕೊನೆಗೆ ನಾನು ರೆಕಾರ್ಡ್ ಅಚ್ಚು ಹಾಕೋ ಕಾರ್ಖಾನೆಗೆ ಹೂಂ ಅನ್ಬೇಕು.”

“ಈ ಊರಲ್ಲಿ ಯಾರನ್ನಾದ್ರೂ ಕೇಳು, ಹಾಡು ಯಾವುದು ಅಂತ.”

“ಊರು ಕೇಳಿದ್ದು ತಪ್ಪಾಗಿ.”

“ಆ ತಪ್ಪಿಗೆ ಕುಣಿದು ಇಲ್ಲಿ ಎಷ್ಟು ಮದುವೆ ಆಗಿದೆ ಗೊತ್ತಾ?”

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೊರೊಂಗ್ವಾ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು. ಸರಿ ತನ್ನ ಕಡೆ ಇದ್ದಾಗಂತೂ ನಾಲಿಗೆಗೆ ಬ್ರೇಕೇ ಇಲ್ಲ.

“ಹಾಗಂತ ಒಂದು ಸಡಿಲ ಬೆಲ್ಟನ್ನ ಅಚ್ಚು ಹಾಕಿ ಜಗತ್ತಿಗೆ ಮಾರ್ಲಾ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಲೆಸಿಬಾನ ಕಿರುಬೆರಳು ಅವಳ ಬೆರಳಿನಿಂದ ಸರಿಯಿತು. ಅವನ ಕಣ್ಣಿನ ಅರ್ಧ ನಗು ಎಲ್ಲಿಗೋ ಹೋಗಿತ್ತು.

“ಪೆಟ್ಟಿಗೆ ಅಲ್ಲೇ ಬಾಗಿಲ ಹತ್ರ ಇಡಿ,” ಅಂದ. “ಒಳಗೆ ತರೋದು ಬೇಡ.”

‘ಇಡು’ ಅಲ್ಲ, ‘ಇಡಿ’. ಮೇಕೆ ದಾಟಿದ ರಸ್ತೆಯಲ್ಲಿ ಅವಳು ಆ ಸಂಜೆ ಒಬ್ಬಳೇ ನಡೆದು ಹೋದಳು. ಅವಳಿಗೆ ಅಳು ಬಂತು, ಅಳುವುದು ಇಷ್ಟವಿಲ್ಲದ್ದರಿಂದ ಸಿಟ್ಟೂ ಬಂತು. ಲೆಸಿಬಾನ ಮೇಲೆ ಮನಸ್ಸಾಗಿದೆ ಎಂದು ತನಗೆ ತಾನೇ ಒಪ್ಪಿಕೊಂಡದ್ದೂ ಅಂದೇ. ಅವನನ್ನು ಕಳೆದುಕೊಳ್ಳಲಾರೆ, ಕೊಟ್ಟ ಮಾತನ್ನೂ ಮುರಿಯಲಾರೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ಆರಿಸುವ ಹೆಣ್ಣಲ್ಲ ಅವಳು. ಮಾರನೇ ದಿನವೇ ಮಸಿಲೊ ಈಗಿರುವ ಹಮ್ಮನ್ಸ್‌ಕ್ರಾಲಿನ ಟ್ಯಾಕ್ಸಿ ಹತ್ತಿದಳು.

*

ಮಸಿಲೊ ಅಲ್ಲಿಯ ಚರ್ಚಿನ ಗಾಯಕರ ಗುಂಪು ನಡೆಸುತ್ತಿದ್ದರು. ಸಣ್ಣ ದೇಹ, ದೊಡ್ಡ ಕನ್ನಡಕ, ಇಸ್ತ್ರಿ ಮಾಡಿದ ಅಂಗಿ. ಮೊರೊಂಗ್ವಾ ಹಿರಿಯರಿಗೆ ಮಾಡುವ ರೂಢಿಯಂತೆ ಎರಡೂ ಕೈ ಜೋಡಿಸಿ ಚಪ್ಪಾಳೆ ತಟ್ಟಿ, ಮಂಡಿ ಬಗ್ಗಿಸಿ ನಮಸ್ಕರಿಸಿದಳು. ಆಮೇಲೆ ಸುತ್ತಿ ಬಳಸದೆ ಎಲ್ಲ ಹೇಳಿದಳು: ಮೊರೂಲಾ ಮರ, ಮೂರು ಹೆಜ್ಜೆ, ಫೆಟೊಲೆ, ಬೆಲ್ಟು, ಚುಕ್ಕೆ.

“ನನ್ನ ಮಾತು ನಿಂತಿದೆ, ನ್ತಾತೆ. ನೀವು ಹೂಂ ಅನ್ನದೆ ಆ ಬದಿ ಖಾಲಿನೇ ಇರುತ್ತೆ. ಆದ್ರೆ ನೀವು ಆ ಕುಣಿಯೋರನ್ನ ಬೈಯೋದಾದ್ರೆ ಅವರೆದುರಿಗೇ ಬೈಯಿರಿ. ಭಾನುವಾರ ಬನ್ನಿ.”

ಮುದುಕರು ಕನ್ನಡಕ ತೆಗೆದು ಒರೆಸಿದರು.

“ಹುಡುಗ ಯಾರು?”

“ಯಾವ ಹುಡುಗ?”

“ನೀನು ಮಾತು ಬದಲಿಸೋಕೆ ಬಂದಿಲ್ಲ. ಆದ್ರೂ ಎರಡು ಟ್ಯಾಕ್ಸಿ ಬದಲಿಸಿ ಬಂದಿದ್ದೀಯ. ಅಂದ್ಮೇಲೆ ಒಬ್ಬ ಹುಡುಗ ಇದ್ದೇ ಇದ್ದಾನೆ.”

“ಆ ಸತ್ತ ಹುಡುಗನ ತಮ್ಮ,” ಅಂದಳು ಮೊರೊಂಗ್ವಾ, ಮುಖ ತಗ್ಗಿಸದೆ.

“ಹಾಳಾಗಲಿ. ಬರ್ತೀನಿ. ಬೈಯೋಕೆ ಬರ್ತೀನಿ.”

*

ದಂಡದ ಕೊನೆಯ ಭಾನುವಾರ ಮೊರೂಲಾ ಹಣ್ಣು ಅಂಗಳದ ತುಂಬ ಉದುರಿ ಹುಳಿ ವಾಸನೆ ಎದ್ದಿತ್ತು. ಲೆಸಿಬಾ ದಾರಿಯುದ್ದಕ್ಕೂ ‘ಎಡಕ್ಕೆ ತಗೊಳ್ಳಿ’, ‘ಗೇರ್ ಇಳಿಸಿ’ ಎರಡೇ ಮಾತಾಡಿದ್ದ. ಮೊರೊಂಗ್ವಾ ಮರದ ಕೆಳಗೆ ಪೆಟ್ಟಿಗೆಗಳನ್ನು ಇಳಿಸಿ, ಡೆಕ್ಕಿನ ಎದುರು ನಿಂತಳು.

“ಎರಡು ವಿಷಯ. ಬೆಲ್ಟಿನ ಬಗ್ಗೆ ಅಂದ ಮಾತು ಕೆಟ್ಟದ್ದು. ನನ್ನದೇ ತಪ್ಪು, ಕ್ಷಮಿಸಿ. ಇನ್ನೊಂದು, ಅಲ್ಲಿ ಕುರ್ಚಿಲಿ ಕೂತಿದ್ದಾರಲ್ಲ ಕನ್ನಡಕದವರು, ಅವರೇ ಮಸಿಲೊ.”

ಲೆಸಿಬಾ ಆ ಕಡೆ ನೋಡಿದ. ಮಸಿಲೊ ತೊಡೆಯ ಮೇಲೆ ಜಿಂಜರ್ ಬಿಯರಿನ ಲೋಟ ಇಟ್ಟುಕೊಂಡು, ಮೌಲ್ಯಮಾಪನಕ್ಕೆ ಬಂದ ಇನ್‌ಸ್ಪೆಕ್ಟರ್ ಹಾಗೆ ಕೂತಿದ್ದರು.

“ಅವರು ಯಾಕೆ ಬಂದಿದ್ದಾರೆ?”

“ನಾನು ಕರೆದೆ. ಕೊಟ್ಟ ಮಾತು ಹಾಗೇ ಇದೆ. ನೀವು ಏನು ಹಾಕ್ತೀರೋ ಹಾಕಿ.”

ಅವನು ‘ಲಾಮೊರೆನಾ’ ರೆಕಾರ್ಡನ್ನು ಕೈಗೆತ್ತಿಕೊಂಡು, ಧೂಳು ಒರೆಸಿ, ಟರ್ನ್‌ಟೇಬಲ್ಲಿನ ಮೇಲಿಟ್ಟ. ಹೆಂಗಸರು ಆಗಲೇ ಸಾಲು ಕಟ್ಟಿದ್ದರು. ಅವನ ಬೆರಳು ಸ್ಲೈಡರಿನ ಮೇಲೆ ಹೋಯಿತು. ಮೊರೊಂಗ್ವಾ ಕೆಂಪು ಚುಕ್ಕೆಯನ್ನೇ ನೋಡುತ್ತಿದ್ದಳು.

ಬೆರಳು ಅಲ್ಲಿಗೆ ಹೋಗಲಿಲ್ಲ. ಲೆಸಿಬಾ ಸ್ಲೈಡರನ್ನು ನಡುವಿಗೆ ತಂದು ಬಿಟ್ಟ. ಹಸಿರು ದೀಪ ಹತ್ತಿತು. ಮಸಿಲೊ ಮಾಡಿದ ಸ್ಪೀಡಿನಲ್ಲೇ ಹಾಡು ಜಿಗಿದು ಎದ್ದಿತು. ಫೆಟೊಲೆಯನ್ನು ಪಕ್ಕಕ್ಕಿಟ್ಟು, ಮೊರೊಂಗ್ವಾಳ ಮಾತಿಗೆ ಮಸಿಲೊ ಅವರ ಎದುರು ಚ್ಯುತಿ ಬಾರದಂತೆ ಅವನು ಹಾಡು ಹಾಕಿದ್ದ. ಅವಳಿಗೆ ಅದು ಒಂದೇ ಕ್ಷಣದಲ್ಲಿ ಅರ್ಥವಾಯಿತು.

ಮಸಿಲೊ ಗೆದ್ದವರಂತೆ ಎದ್ದರು. “ಹೀಗೆ! ಹೀಗಿರೋದು ಹಾಡು,” ಎಂದು ಸೋಫಿಯ ಕೈ ಹಿಡಿದು ಸಾಲಿಗೆ ಎಳೆದರು. ಸಾಲಿನವರು ಮೂರು ಹೆಜ್ಜೆಯನ್ನು ಹೇಗೋ ತುರುಕಲು ನೋಡಿದರು, ಎರಡೂವರೆಯಷ್ಟೇ ಹಿಡಿಸುತ್ತಿತ್ತು. ಆದರೂ ಅತಿಥಿಯ ಮರ್ಯಾದೆಗೆ ಯಾರೂ ನಿಲ್ಲಲಿಲ್ಲ. ಮಸಿಲೊ ಮಾತ್ರ ಭರ್ಜರಿಯಾಗಿ ಕುಣಿದರು. ಒಂದು ಸುತ್ತು, ಎರಡು ಸುತ್ತು. ಮೂರನೆಯದಕ್ಕೆ ಕನ್ನಡಕ ಜಾರಿತು. ಆಮೇಲೆ ಮಂಡಿಯ ಮೇಲೆ ಕೈಯಿಟ್ಟು ಬಗ್ಗಿ ನಿಂತರು. ಅವರ ಭುಜಗಳು ಕುಲುಕುತ್ತಿದ್ದವು. ಮೊರೊಂಗ್ವಾ ಹೆದರಿ ಓಡಿದಳು. ಹತ್ತಿರ ಹೋದರೆ ಅವರು ನಗುತ್ತಿದ್ದರು.

“ಯಾವ ಕತ್ತೆ ಬರೆದಿದ್ದು ಇದನ್ನ?”

“ನೀವೇ, ನ್ತಾತೆ.”

“ಇಪ್ಪತ್ತೆಂಟರ ಹುಡುಗ ಬರೆದಿದ್ದು. ಅವನಿಗೆ ಮಂಡಿ ಅನ್ನೋದೊಂದಿದೆ ಅಂತಲೇ ಗೊತ್ತಿರಲಿಲ್ಲ.” ಅವರು ಉಸಿರು ಸುಧಾರಿಸಿಕೊಂಡು ಡೆಕ್ಕಿನ ಕಡೆ ನಡೆದರು. ಲೆಸಿಬಾನ ಎದುರು ನಿಂತು ಸ್ಲೈಡರಿನತ್ತ ಬೆರಳು ತೋರಿಸಿದರು. “ನಿನ್ನಣ್ಣನ ಜಾಗ ಎಲ್ಲಿ?”

ಲೆಸಿಬಾ ಚುಕ್ಕೆ ತೋರಿಸಿದ. ಮಸಿಲೊ ಕೈ ಚಾಚಿ, ತಮ್ಮ ಕೈಯಿಂದಲೇ, ಸ್ಲೈಡರನ್ನು ಆಚೆಗೆ ತಳ್ಳಿದರು.

ಹಾಡು ಭುಜ ಇಳಿಸಿತು. ಸಾಲಿನ ಮೂರು ಹೆಜ್ಜೆ ತಮ್ಮ ಜಾಗಕ್ಕೆ ಬಂದು ಕೂತವು. ನೀಲಿ ಜಾಕೆಟ್ಟುಗಳು ಒಟ್ಟಿಗೆ ತಿರುಗಿದವು, ಎಲ್ಲರ ನೆರಳೂ ಒಟ್ಟಿಗೆ ತಿರುಗಿತು. ಮಸಿಲೊ ತಲೆ ಓರೆ ಮಾಡಿ ಕೇಳುತ್ತಿದ್ದರು. ಇಷ್ಟು ವರ್ಷ ಬೈದಿದ್ದರೇ ಹೊರತು ಪೂರ್ತಿ ಕೇಳಿರಲಿಲ್ಲ.

“ಈ ಬೇಸಿನ ದಪ್ಪ ಸ್ವರ,” ಅಂದರು ಕೊನೆಗೆ, ಮೆಲ್ಲಗೆ. “ಇದನ್ನ ನಮ್ಮಮ್ಮ ಚರ್ಚಲ್ಲಿ ಹಾಡ್ತಿದ್ದ ಒಂದು ಹಾಡಿಂದ ಕದ್ದಿದ್ದೆ. ಯಾರಿಗೂ ತಿಳೀಬಾರದು ಅಂತ ಸ್ಪೀಡ್ ಹೆಚ್ಚು ಮಾಡಿದ್ದೆ. ನಿನ್ನಣ್ಣನ ಬೆಲ್ಟು ಕಳ್ಳನ್ನ ಹಿಡಿದುಬಿಡ್ತು.” ಅವರು ಕಣ್ಣು ಒರೆಸಿಕೊಂಡು ಮೊರೊಂಗ್ವಾಳತ್ತ ತಿರುಗಿದರು. “ಒಂದು ಬದಿ ನನ್ನದು. ಕೂದಲೆಳೆಯಷ್ಟೂ ಬದಲಿಸಬೇಡ. ಇನ್ನೊಂದು ಬದಿ ಖಾಲಿ ಇಟ್ಟು ಏನು ಮಾಡ್ತೀಯ, ಇದನ್ನ ಹಾಕು. ಆ ಹುಡುಗನ ಹೆಸರೂ ಹಾಕು.”

“ಅದೆಲ್ಲ ಆಮೇಲೆ,” ಸಾಲಿನಿಂದ ಸೋಫಿ ಕೂಗಿದಳು. “ನ್ತಾತೆ, ಡೆಕ್ ಮುಟ್ಟಿದ್ರಿ. ಒಂದು ತಿಂಗಳು ಪೆಟ್ಟಿಗೆ ಹೊರ್ಬೇಕು.”

“ಅವನ್ನ ಹೊತ್ರೆ ನನ್ನನ್ನ ನಾಲ್ಕು ಜನ ಹೊರ್ಬೇಕಾಗುತ್ತೆ, ತಾಯಿ.”

“ಹಾಗಾದ್ರೆ ಪ್ರತಿ ಭಾನುವಾರ ಬಂದು ಕುಣೀರಿ. ದಂಡ ದಂಡನೇ.”

*

ಬಿಸಿಲು ಇಳಿಯುವ ಹೊತ್ತಿಗೆ ಊಟದ ತಟ್ಟೆಗಳು ಒಳಗೆ ಹೋದವು. ಲೆಸಿಬಾ ರೆಕಾರ್ಡುಗಳನ್ನು ಒಂದೊಂದೇ ಕವರಿಗೆ ಸೇರಿಸುತ್ತಿದ್ದ. ಮೊರೊಂಗ್ವಾ ಬಂದು ಟೇಬಲ್ಲಿನ ಈಚೆ ನಿಂತಳು.

“ಯಾಕೆ ನಡುವಿಗೆ ಇಟ್ರಿ?”

“ಅವರು ನಿಮ್ಮ ಮಾತು ನಂಬಿ ಟೇಪ್ ಕೊಟ್ಟಿದ್ರು. ಅವರೆದುರಿಗೆ ನಿಮ್ಮ ಮುಖ ಹುಳ್ಳಗಾಗೋದು ನನಗೆ ಬೇಕಿರಲಿಲ್ಲ.”

“ಫೆಟೊಲೆ?”

“ಫೆಟೊಲೆ ಇದ್ದಿದ್ರೆ ಅವನೇ ನನ್ನ ಕೈ ಹಿಡಿದು ನಡುವಿಗೆ ತಳ್ತಿದ್ದ. ‘ಮೊದಲು ಹುಡುಗಿನ ಉಳಿಸ್ಕೋ ಪೆದ್ದ, ಹಾಡು ಎಲ್ಲಿಗೂ ಹೋಗಲ್ಲ’ ಅಂತಿದ್ದ.”

ಮೊರೊಂಗ್ವಾ ಟೇಬಲ್ಲಿನ ಮೇಲಿಂದ ಕೈ ಚಾಚಿ ಸ್ಲೈಡರಿನ ಮೇಲಿಟ್ಟಳು. ಚುಕ್ಕೆಯ ಬಣ್ಣ ಅಂಚಿನಲ್ಲಿ ಸ್ವಲ್ಪ ಎದ್ದಿತ್ತು. ಲೆಸಿಬಾ ಆ ಕೈ ನೋಡಿದ, ಮುಖ ನೋಡಿದ, ಮತ್ತೆ ಕೈ ನೋಡಿದ.

“ಇದು ನಿಮ್ಮ ಕೈಯಾ?”

“ಹೌದು. ಈ ಸಲ ತೆಗೆಯಲ್ಲ,” ಅಂದಳು ಮೊರೊಂಗ್ವಾ. “ನನಗೆ ನಿಮ್ಮ ಮೇಲೆ ಮನಸ್ಸಾಗಿದೆ, ಲೆಸಿಬಾ. ಮೇಕೆ ದಾಟಿದ ದಿನದಿಂದ. ಬೇಡ ಅನ್ನೋದಾದ್ರೆ ಈಗ್ಲೇ ಅನ್ನಿ. ನಿಮ್ಮ ಕಡೆನೂ ಒಂದು ಬ್ರೇಕ್ ಇದೆಯಲ್ಲ.”

ಅವನು ರೆಕಾರ್ಡನ್ನು ಕೆಳಗಿಟ್ಟು, ಅವಳ ಕೈಯ ಮೇಲೆ ತನ್ನ ಕೈಯಿಟ್ಟ. ಅವನ ಅಂಗೈ ಬೆಚ್ಚಗಿತ್ತು. ಕಣ್ಣಿನ ನಗು ಈಗ ಅರ್ಧವಾಗಿರಲಿಲ್ಲ.

“ಆ ಕಾರಲ್ಲಿ ಕೂತ ಮೊದಲನೇ ದಿನದಿಂದ ಆ ಬ್ರೇಕ್ ಒಮ್ಮೆಯೂ ಒತ್ತಿಲ್ಲ ನಾನು,” ಅಂದ. “ನೀನು ನೋಡ್ತಾನೇ ಇದ್ದೆಯಲ್ಲ.”

‘ನೀನು’ ಮರಳಿ ಬಂದಿತ್ತು. ಮೊರೊಂಗ್ವಾ ಕಣ್ಣು ಮುಚ್ಚಿ ಅದನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಕೇಳಿದಳು.

ಆಮೇಲೆ ಇಬ್ಬರೂ ಪೆಟ್ಟಿಗೆಗಳ ಕಡೆ ತಿರುಗಿದರು. ಅವಳು ದೊಡ್ಡ ಪೆಟ್ಟಿಗೆಯ ಒಂದು ಹಿಡಿಕೆ ಹಿಡಿದಳು.

“ದಂಡ ಮುಗೀತಲ್ಲ. ಬಿಡು, ನಾನು ಎತ್ಕೋತೀನಿ.”

“ಮಾತು ಸಾಕು, ಆ ಕಡೆ ಹಿಡಿ.”

ಅವನು ಹಿಡಿದ. ಪೆಟ್ಟಿಗೆ ಇಬ್ಬರ ನಡುವೆ ಎದ್ದಿತು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಸೋಫಿಯ ದನಿ ಬಂತು.

“ಏ ಡ್ರೈವಿಂಗ್ ಮೇಷ್ಟ್ರೇ, ಒಂದೊಂದೇ ಪೆಟ್ಟಿಗೆ ಹೊರಿಸಿ ನಮ್ಮನೆ ಹುಡುಗೀನ ಹಾಗೇ ಸಾಗಿಸಿಬಿಡಬಹುದು ಅಂದ್ಕೊಂಡಿದೀಯಾ? ನಿನ್ನ ಸೋದರಮಾವಂದಿರನ್ನ ಕಳಿಸು. ಕ್ರಮವಾಗಿ ಬಂದು ಗೇಟಲ್ಲಿ ನಿಂತು ಹೆಣ್ಣು ಕೇಳಲಿ.”

ಅಂಗಳದಲ್ಲಿದ್ದವರೆಲ್ಲ ಕುರ್ಚಿ ಮಡಿಸುವುದನ್ನು ನಿಲ್ಲಿಸಿದರು. ಲೆಸಿಬಾ ಮೊರೊಂಗ್ವಾಳ ಮುಖ ನೋಡಿದ. ಅವಳು ಹುಬ್ಬು ಹಾರಿಸಿದಳು, ಅಷ್ಟೆ.

“ಮುಂದಿನ ಭಾನುವಾರನೇ ಕಳಿಸ್ತೀನಿ, ಮ್ಮಾ,” ಅಂದ.

“ಭಾನುವಾರ ಬೇಡ,” ಅಂದಳು ಸೋಫಿ, ಟೋಪಿ ಸರಿಮಾಡಿಕೊಳ್ಳುತ್ತ. “ಭಾನುವಾರ ನಮಗೆ ಕುಣಿಯೋದಿದೆ. ಶನಿವಾರ ಬರಲಿ.”